ಆನ್‌ಲೈನ್ ಗುಂಪೊಂದರ ಪ್ರಶ್ನೋತ್ತರ: ಹಳೆಯ ಪುಸ್ತಕ ಯಾವ ಗ್ರಂಥಾಲಯದಲ್ಲಿದೆ?

ಶಿರಸಿಯ ಸದಸ್ಯೆ: ತಾತ 1936ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಪದ್ಯಗಳ ಪುಸ್ತಕ ಮನೆಯಲ್ಲಿದೆ, ಕೊನೆಯ ಹಾಳೆಗಳು ಹೋಗಿವೆ. ವರ್ಲ್ಡ್‌ಕ್ಯಾಟ್‌ನಲ್ಲಿ (ಜಗತ್ತಿನ ಹಲವು ಗ್ರಂಥಾಲಯಗಳ ಪುಸ್ತಕಗಳ ಆನ್‌ಲೈನ್ ಸೂಚಿ) ಕನ್ನಡದಲ್ಲಿಯೇ ಹುಡುಕಿದೆ, ಸಿಗಲಿಲ್ಲ. ಪೂರ್ಣ ಪ್ರತಿ ಎಲ್ಲೂ ಇಲ್ಲವೆಂದು ಮನೆಯವರು ಇದನ್ನು ರದ್ದಿಗೆ ಹಾಕಲು ಹೊರಟಿದ್ದಾರೆ.

ಗ್ರಂಥಪಾಲಕಿ: ದಯವಿಟ್ಟು ತಡೆಯಿರಿ. ಸೂಚಿಯಲ್ಲಿ ಕಾಣದ ಮಾತ್ರಕ್ಕೆ ಪುಸ್ತಕವೇ ಇಲ್ಲವೆಂದಲ್ಲ. ವಿದೇಶದ ಗ್ರಂಥಾಲಯಗಳ ಹಳೆಯ ದಾಖಲೆಗಳಲ್ಲಿ ಕನ್ನಡ ಶೀರ್ಷಿಕೆಗಳು ಹೆಚ್ಚಾಗಿ ರೋಮನ್ ಲಿಪಿಯಲ್ಲಿವೆ, ಅದೂ ನಾವು ಮೊಬೈಲಿನಲ್ಲಿ ಬರೆಯುವ ರೀತಿಯಲ್ಲಿ ಅಲ್ಲ. ‘ಶ’ಕಾರಕ್ಕೆ ಎಸ್ ಮಾತ್ರ, ಎಚ್ ಸೇರಿಸಬೇಡಿ. ‘ಚ’ಕಾರಕ್ಕೆ ಸಿ ಮಾತ್ರ. ದೀರ್ಘಕ್ಕೆ ಸ್ವರವನ್ನು ಎರಡು ಸಲ ಒತ್ತಬೇಡಿ. ಶೀರ್ಷಿಕೆಯ ಒಂದೇ ಪದ ಹಾಕಿ, ವರ್ಷವನ್ನು 1930ರಿಂದ 1940ರವರೆಗೆ ಸಡಿಲಿಸಿ. ಇನ್ನೊಂದು ಮುಖ್ಯ ವಿಷಯ: ಮಂಗಳೂರು ಆಗ ಬ್ರಿಟಿಷರ ಮದರಾಸು ಪ್ರಾಂತ್ಯದಲ್ಲಿತ್ತು. ಬೆಂಗಳೂರು, ಮೈಸೂರುಗಳಲ್ಲಿಯೇ ನಿಲ್ಲದೆ ಚೆನ್ನೈನ ಕನ್ನೆಮಾರ ಗ್ರಂಥಾಲಯ, ಲಂಡನ್ನಿನ ಬ್ರಿಟಿಷ್ ಲೈಬ್ರರಿಗಳಲ್ಲಿಯೂ ಹುಡುಕಿ. 1867ರ ಕಾಯ್ದೆಯಂತೆ ನೋಂದಣಿಯಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳನ್ನು ಪ್ರಾಂತ್ಯ ಸರ್ಕಾರಗಳು ಪ್ರಕಟಿಸುತ್ತಿದ್ದವು. ಅವುಗಳಲ್ಲಿ ಪುಟಸಂಖ್ಯೆಯೂ ಇರುತ್ತದೆ. ನಿಮ್ಮಲ್ಲಿ ಎಷ್ಟು ಹಾಳೆ ಹೋಗಿವೆ ಎಂಬುದು ಅದರಿಂದಲೇ ತಿಳಿದೀತು.

ಮೈಸೂರಿನ ಸದಸ್ಯ: ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಹಾಕಿದರೆ ಯಾವ ಪುಸ್ತಕವಾದರೂ ಸಿಗುತ್ತದೆಂದು ಕೊಂಡಿಯೊಂದು ಬಂದಿದೆ. ಎಲ್ಲರಿಗೂ ಕಳುಹಿಸಿ.

ಗ್ರಂಥಪಾಲಕಿ: ಯಾರೂ ಕಳುಹಿಸಬೇಡಿ. 1936ರಲ್ಲಿ ಐಎಸ್‌ಬಿಎನ್ ಇರಲೇ ಇಲ್ಲ. ಆ ಕೊಂಡಿ ಒಟಿಪಿ ಕೇಳುತ್ತದೆ. ನಾನು ಹೇಳಿದ ಸೂಚಿಗಳಲ್ಲಿ ಹುಡುಕಲು ಒಟಿಪಿಯೂ ಬೇಡ, ಹಣವೂ ಬೇಡ. ಓದಿ ನೋಡದೆ ಮುಂದೆ ತಳ್ಳುವ ಅಭ್ಯಾಸವನ್ನು ಬಿಡಿ.

ಕಲಬುರಗಿಯ ಸದಸ್ಯ: ಇಂಡ್‌ಕ್ಯಾಟ್‌ನಲ್ಲಿ (ಭಾರತದ ವಿಶ್ವವಿದ್ಯಾಲಯ ಗ್ರಂಥಾಲಯಗಳ ಸೂಚಿ) ನನಗೆ ಬೇಕಾದ ಬೇರೆ ಪುಸ್ತಕ ಕಂಡಿತು. ಡೌನ್‌ಲೋಡ್ ಎಲ್ಲಿ?

ಗ್ರಂಥಪಾಲಕಿ: ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದಷ್ಟೇ ಅದು ಹೇಳುತ್ತದೆ.

ತುಮಕೂರಿನ ಸದಸ್ಯ: ಡೌನ್‌ಲೋಡ್ ಗುಂಡಿ ನನಗೂ ಕಾಣುತ್ತಿಲ್ಲ.

ಗ್ರಂಥಪಾಲಕಿ: ಮೇಲೆ ಓದಿ.

ಮೈಸೂರಿನ ಸದಸ್ಯ: ಇಷ್ಟೆಲ್ಲ ಏಕೆ? 1936ರ ಪುಸ್ತಕಕ್ಕೆ ಹಕ್ಕುಸ್ವಾಮ್ಯವಿಲ್ಲ. ಸ್ಕ್ಯಾನ್ ಮಾಡಿ ಹಾಕಲಿ.

ಧಾರವಾಡದ ಸದಸ್ಯೆ: ತಪ್ಪು. ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಇರುತ್ತದೆ. ಮುದ್ರಣದ ವರ್ಷದಿಂದ ಎಣಿಸುವುದಲ್ಲ.

ಮೈಸೂರಿನ ಸದಸ್ಯ: ನೀವು ವಕೀಲರೇ?

ಧಾರವಾಡದ ಸದಸ್ಯೆ: ಪ್ರಕಾಶಕಿ. ಪುಕ್ಕಟೆ ಪಿಡಿಎಫ್‌ಗಳಿಂದ ನಷ್ಟ ಅನುಭವಿಸಿದವಳು.

ಮೈಸೂರಿನ ಸದಸ್ಯ: ಪುಸ್ತಕ ಗೆದ್ದಲಿಗೆ ಹೋದರೂ ಪರವಾಗಿಲ್ಲ, ಅಲ್ಲವೇ?

ಗ್ರಂಥಪಾಲಕಿ: ಧಾರವಾಡದವರು ಹೇಳಿದ್ದು ಸರಿ. ಜಗಳವನ್ನು ಬೇರೆಡೆ ಆಡಿ. ಶಿರಸಿಯವರೇ, ಏನಾಯಿತು?

ಶಿರಸಿಯ ಸದಸ್ಯೆ: ಎಚ್ ಬಿಟ್ಟು ಹುಡುಕಿದಾಗ ಲಂಡನ್ನಿನಲ್ಲಿ ಒಂದು ಸಿಕ್ಕಿತು! 1937, 64 ಪುಟ. ನಮ್ಮದು 58ಕ್ಕೆ ನಿಲ್ಲುತ್ತದೆ.

ಗ್ರಂಥಪಾಲಕಿ: ಬಹಳ ಸಂತೋಷ. ಅದು ಎರಡನೆಯ ಮುದ್ರಣವೂ ಇರಬಹುದು. ದಾಖಲೆಯಲ್ಲಿರುವ ಕರೆಸಂಖ್ಯೆಯನ್ನು (ಗ್ರಂಥಾಲಯದಲ್ಲಿ ಪುಸ್ತಕವನ್ನು ಹುಡುಕುವ ಸಂಖ್ಯೆ) ಬರೆದು, ಮುಖಪುಟ ಮತ್ತು 59ರಿಂದ 64ನೆಯ ಪುಟಗಳ ಪ್ರತಿ ಕೇಳಿ. ನಿಮ್ಮ ಪ್ರತಿಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ.