ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ: ಬಿಸಿಯೋ, ಕರೆಂಟೋ?

ಅಕ್ಷರಜೋಡಣೆ, ಹಾವೇರಿ ಜಿಲ್ಲೆ
ಎಲ್ಲರಿಗೂ ನಮಸ್ಕಾರ. ನಮ್ಮದು ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ. ಅಂಗಡಿಯ ಡೆಸ್ಕ್‌ಟಾಪ್ ಕೆಲಸದ ನಡುವೆಯೇ ಆಫ್ ಆಗುತ್ತಿದೆ. ನೀಲಿ ಪರದೆ ಬರುವುದಿಲ್ಲ, ಏನೂ ಎಚ್ಚರಿಕೆ ಇಲ್ಲ. ಪ್ಲಗ್ ಕಿತ್ತ ಹಾಗೆ ಫ್ಯಾನ್ ಸಮೇತ ನಿಲ್ಲುತ್ತದೆ. ಬಟನ್ ಒತ್ತಿದರೆ ತಕ್ಷಣ ಆನ್ ಆಗುತ್ತದೆ. ಐ5 10400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕ್ಯಾಬಿನೆಟ್ ಜೊತೆಗೇ ಬಂದ 450 ವಾಟ್ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಪೆಟ್ಟಿಗೆ), 600 ವಿಎ ಯುಪಿಎಸ್. ವಿಂಡೋಸ್‌ನ ದಾಖಲೆ ಪಟ್ಟಿಯಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕೆಂಪು ಗುರುತು ಬಿದ್ದಿದೆ. ಸರ್ವಿಸ್ ಅಂಗಡಿಯವರು ಪೆಟ್ಟಿಗೆ ಬಿಚ್ಚದೆಯೇ ಮದರ್‌ಬೋರ್ಡ್ ಹೋಗಿದೆ, ಬದಲಿಸಿ ಎಂದರು. ಲಗ್ನಪತ್ರಿಕೆ ಸೀಸನ್, ಕೈತುಂಬಾ ಕೆಲಸ ಇದೆ. ಸುಮ್ನೆ ಬೋರ್ಡ್‌ಗೆ ದುಡ್ಡು ಹಾಕಲು ಮನಸ್ಸಿಲ್ಲ. ಎಲ್ಲಿಂದ ನೋಡಲಿ?

ಬಿಸಿಲೂರು
ಕಲಬುರಗಿಯವನ ಮಾತು ಕೇಳಿ, ಇದು ಬಿಸಿಯೇ. ಬೇಸಿಗೆಯಲ್ಲಿ ನಮ್ಮಲ್ಲಿ ಬರುವ ಹತ್ತು ಡೆಸ್ಕ್‌ಟಾಪ್‌ಗಳಲ್ಲಿ ಜಾಸ್ತಿ ಪಾಲು ಇದೇ ಕೇಸು. ಪ್ರೊಸೆಸರ್ ತಣ್ಣಗಿಡುವ ಹೀಟ್‌ಸಿಂಕ್ ಮೇಲೆ ಧೂಳು ಕಂಬಳಿ ಹಾಗೆ ಕೂತಿರುತ್ತದೆ. ಬ್ಲೋವರ್ ಹಿಡಿಯಿರಿ, ಅದರ ಕೆಳಗಿನ ಪೇಸ್ಟ್ ಬದಲಿಸಿ. ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದು ಸಡಿಲವಾದರೂ ಕೂಲರ್ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಅದನ್ನು ಮೊದಲು ಅಲ್ಲಾಡಿಸಿ ನೋಡಿ.

ಟಕ್ಸ್ ಪ್ರೇಮಿ
ಬಿಸಿ ಅಂತ ಊಹೆ ಯಾಕೆ ಮಾಡಬೇಕು? ಅಳೆದೇ ನೋಡಬಹುದಲ್ವಾ. ಎಚ್‌ಡಬ್ಲ್ಯೂ ಇನ್ಫೋ ಅನ್ನುವ ಬಿಸಿ ತೋರಿಸುವ ಪ್ರೋಗ್ರಾಮ್ ಹಾಕಿ, ಸೆನ್ಸರ್ ಲಾಗ್ ಆನ್ ಮಾಡಿ ಬಿಡಿ. ಆಫ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ನೋಡಿ. 10400ಕ್ಕೆ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೂ ಅದು ತಕ್ಷಣ ಆಫ್ ಆಗುವುದಿಲ್ಲ, ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಮಷಿನ್ ನಿಧಾನ ಆಗುವುದು ಕಣ್ಣಿಗೇ ಗೊತ್ತಾಗುತ್ತದೆ. ಅಷ್ಟಾದರೂ ಬಿಸಿ ಏರುತ್ತಲೇ ಹೋದರೆ ಮಾತ್ರ ಸ್ವತಃ ಬಂದ್ ಆಗುತ್ತದೆ.

ಇನ್ನೊಂದು ಮಾತು. 41 ಅನ್ನೋದು ರೋಗದ ಹೆಸರಲ್ಲ. ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದು ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದಿಡುವ ಸಾಲು ಅಷ್ಟೇ. ಅದನ್ನು ಒತ್ತಿ ಡೀಟೇಲ್ಸ್‌ಗೆ ಹೋಗಿ, ಬಗ್‌ಚೆಕ್‌ಕೋಡ್ ಎದುರು ಏನಿದೆ ನೋಡಿ. 0 ಅಲ್ಲದೆ ಬೇರೆ ಅಂಕೆ ಇದ್ದರೆ ವಿಂಡೋಸ್ ಕ್ರ್ಯಾಶ್ ಆಗಿದೆ. ಆಗ ಡ್ರೈವರ್, ರ‍್ಯಾಮ್ ಕಡೆ ಹೋಗಬೇಕು. 0 ಇದ್ದರೆ ವಿಂಡೋಸ್‌ಗೆ ಏನೂ ಬರೆಯಲು ಸಮಯವೇ ಸಿಕ್ಕಿಲ್ಲ ಎಂದರ್ಥ. 1074 ನಂಬರಿನ ಸಾಲು ಇದೆಯಾ ಅದನ್ನೂ ಹುಡುಕಿ. ಅಪ್‌ಡೇಟೋ ಬೇರೆ ಪ್ರೋಗ್ರಾಮೋ ಬೇಕಂತಲೇ ಶಟ್‌ಡೌನ್ ಮಾಡಿದ್ದರೆ ಅಲ್ಲಿ ಹೆಸರು ಸಮೇತ ಇರುತ್ತದೆ.

ಗಣಕ ಗೆಳೆಯ
ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ. ನಮ್ಮ ಆಫೀಸಿನಲ್ಲಿ ಹಾಗೇ ಸರಿ ಹೋಯಿತು.

ಟಕ್ಸ್ ಪ್ರೇಮಿ
@ಗಣಕ ಗೆಳೆಯ, ಬೇಡ. ಅಂಗಡಿಯವರ ಫಾಂಟು, ನುಡಿ, ಹಳೆಯ ಪೇಜ್‌ಮೇಕರ್ ಫೈಲು ಎಲ್ಲ ಮತ್ತೆ ಕೂಡಿಸಲು ಎಷ್ಟು ಹೊತ್ತು ಬೇಕು ಯೋಚಿಸಿ. ವಿಂಡೋಸ್ ತಪ್ಪೋ ಅಲ್ಲವೋ ತಿಳಿಯಲು, ವಿಂಡೋಸ್ ಶುರುವಾಗುವ ಮೊದಲಿನ ಬಯಾಸ್ ಪರದೆಯಲ್ಲೇ ಮಷಿನ್ ಬಿಟ್ಟು ನೋಡಿದರೆ ಸಾಕು. ಅಲ್ಲೂ ಆಫ್ ಆದರೆ ವಿಂಡೋಸ್ ಸಂಬಂಧವೇ ಇಲ್ಲ.

ಕಡಲತೀರ
ಒಂದು ಚಿಕ್ಕ ವಿಷಯ, ಯಾರೂ ನೋಡುವುದಿಲ್ಲ. ಕ್ಯಾಬಿನೆಟ್ಟಿನ ಪವರ್ ಬಟನ್. ಅದನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಮಷಿನ್ ಬಲವಂತವಾಗಿ ಆಫ್ ಆಗುತ್ತದೆ. ಬಟನ್ ಒಳಗೇ ಸಿಕ್ಕಿಕೊಂಡರೂ ಅದೇ ಆಗುವುದು. ಕುಂದಾಪುರದ ಉಪ್ಪು ಗಾಳಿಗೆ ಈ ಸ್ವಿಚ್ಚುಗಳು ಬೇಗ ಕಿಲುಬು ಹಿಡಿಯುತ್ತವೆ, ಹಾಗಾಗಿ ನಾನು ಮೊದಲು ಅಲ್ಲಿಗೇ ಕೈ ಹಾಕುವುದು. ಮದರ್‌ಬೋರ್ಡಿನಿಂದ ಪವರ್ ಸ್ವಿಚ್ಚಿನ ಎರಡು ತಂತಿಯ ಸಣ್ಣ ಕನೆಕ್ಟರ್ ಕಿತ್ತುಬಿಡಿ. ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ. ಹಾಗೇ ಕೆಲಸ ಮಾಡಿ ನೋಡಿ. ಖರ್ಚಿಲ್ಲ.

ಸರ್ಕ್ಯೂಟ್ ಮೇಷ್ಟ್ರು
ಇಷ್ಟೆಲ್ಲ ಹೇಳಿದಿರಿ, ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಸಿಪಿಯು ಆಫ್ ಆದಾಗ ಮಾನಿಟರ್ ಏನಾಗುತ್ತದೆ? ಅದೂ ಜೊತೆಗೆ ಕಪ್ಪಾಗಿ ಅದರ ಲೈಟೂ ಹೋಗುತ್ತದಾ, ಅಥವಾ "ನೋ ಸಿಗ್ನಲ್" ಎಂದು ತೋರಿಸುತ್ತಾ ಇರುತ್ತದಾ? ಆ ಯುಪಿಎಸ್‌ಗೆ ಬೇರೆ ಏನೇನು ಹಾಕಿದ್ದೀರಿ? ಯುಪಿಎಸ್ ಬ್ಯಾಟರಿ ಎಷ್ಟು ಹಳೆಯದು?

ಅಕ್ಷರಜೋಡಣೆ, ಹಾವೇರಿ ಜಿಲ್ಲೆ
ಎಲ್ಲರಿಗೂ ಧನ್ಯವಾದ. ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ.
ಬಗ್‌ಚೆಕ್‌ಕೋಡ್ 0. ಆ ಹೊತ್ತಿನಲ್ಲಿ 1074 ಇಲ್ಲ, ಅನಿರೀಕ್ಷಿತ ಶಟ್‌ಡೌನ್ ಎನ್ನುವ 6008 ಮಾತ್ರ ಇದೆ. ಸೆನ್ಸರ್ ಲಾಗ್‌ನ ಕೊನೆಯ ಸಾಲಿನಲ್ಲಿ ಪ್ರೊಸೆಸರ್ 52 ಡಿಗ್ರಿ. ಸ್ವಿಚ್ ಕನೆಕ್ಟರ್ ಕಿತ್ತು ಕೆಲಸ ಮಾಡಿದೆ, ಆದರೂ ಆಫ್ ಆಯಿತು.
ಮಾನಿಟರ್ ಎರಡೂ ಥರ ಮಾಡುತ್ತದೆ ಸರ್. ಕೆಲವು ಸಲ ಅದೂ ಆಫ್. ಕೆಲವು ಸಲ ಮಿಣುಕೂ ಇಲ್ಲದೆ ನೋ ಸಿಗ್ನಲ್ ತೋರಿಸುತ್ತದೆ. ಯುಪಿಎಸ್ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಪಿಯು, ಮಾನಿಟರ್, ರೂಟರ್, ಲೇಸರ್ ಪ್ರಿಂಟರ್ ಇವೆ. ಬ್ಯಾಟರಿ ಯುಪಿಎಸ್ ತಂದಾಗಿನದೇ, ಮೂರು ವರ್ಷ ದಾಟಿದೆ.

ರಿಪೇರಿ ಅಣ್ಣ
ಲೇಸರ್ ಪ್ರಿಂಟರ್ ಯುಪಿಎಸ್ ಮೇಲೆ! ಮೊದಲು ಅದನ್ನು ಅಲ್ಲಿಂದ ತೆಗೆಯಿರಿ ತಮ್ಮಾ. ಲೇಸರ್ ಪ್ರಿಂಟರ್ ಒಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಅಂಟಿಸಲು ಫ್ಯೂಸರ್ ಅಂತ ಒಂದು ಬಿಸಿ ರೋಲರ್ ಇರುತ್ತದೆ. ಅದರ ಹೀಟರ್ ಆನ್ ಆದ ಕ್ಷಣದಲ್ಲಿ ಎಷ್ಟೋ ಪ್ರಿಂಟರ್‌ಗಳು 500 ವಾಟ್‌ಗಿಂತ ಜಾಸ್ತಿ ಎಳೆಯುತ್ತವೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವಾಟ್. ಸಿಪಿಯು, ಮಾನಿಟರ್ ಬೇರೆ ಅದರ ಮೇಲೆ. ತಡೆಯುವುದು ಹೇಗೆ? ಪ್ರಿಂಟ್ ಕೊಡದಿದ್ದರೂ ರೋಲರ್ ತಣಿಯದಿರಲೆಂದು ಆಗಾಗ ಹೀಟರ್ ಆನ್ ಮಾಡಿಕೊಳ್ಳುವ ಪ್ರಿಂಟರ್‌ಗಳಿವೆ. ಅದಕ್ಕೇ ನಿಮಗೆ ಲೆಕ್ಕಕ್ಕೆ ಸಿಗದ ಹಾಗೆ ಆಫ್ ಆಗುತ್ತಿರುವುದು. ಯುಪಿಎಸ್ ಜೊತೆ ಬರುವ ಪುಸ್ತಕದಲ್ಲೇ ಲೇಸರ್ ಪ್ರಿಂಟರ್ ಹಾಕಬೇಡಿ ಅಂತ ಬರೆದಿರುತ್ತದೆ. ಕೇಸು ಮುಗಿಯಿತು.

ಬಿಸಿಲೂರು
52 ಡಿಗ್ರಿ ನೋಡಿದ ಮೇಲೆ ಪ್ರೊಸೆಸರ್ ವಿಷಯ ಬಿಟ್ಟೆ. ಆದರೆ ಎಸ್‌ಎಂಪಿಎಸ್ ಬಿಸಿ ಆ ಲಾಗ್‌ನಲ್ಲಿ ಬರುವುದಿಲ್ಲ ಅಣ್ಣ. ಅದರ ಫ್ಯಾನ್ ತಿರುಗುತ್ತಿದೆಯಾ, ಹಿಂದೆ ಕೈ ಇಟ್ಟರೆ ಗಾಳಿ ಬರುತ್ತದಾ ನೋಡಲೇಬೇಕು. ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಧೂಳು ವಿಪರೀತ.

ಸರ್ಕ್ಯೂಟ್ ಮೇಷ್ಟ್ರು
ರಿಪೇರಿ ಅಣ್ಣನವರ ಮಾತು ಸರಿ, ಪ್ರಿಂಟರ್ ಇವತ್ತೇ ಗೋಡೆಯ ಬೇರೆ ಸಾಕೆಟ್ಟಿಗೆ ಹೋಗಬೇಕು. ಆದರೆ ಕೇಸು ಮುಗಿದಿಲ್ಲ. ಮಾನಿಟರ್ ಉರಿಯುತ್ತಲೇ ಇದ್ದು ಸಿಪಿಯು ಮಾತ್ರ ಹೋಗುವ ಸಲಗಳಿಗೆ ಏನು ಹೇಳುತ್ತೀರಿ? ಯುಪಿಎಸ್ ಪೂರ್ತಿ ಸತ್ತಿದ್ದರೆ ಮಾನಿಟರ್ ಬದುಕುತ್ತಿರಲಿಲ್ಲ.

ರಿಪೇರಿ ಅಣ್ಣ
ಹಾಗಾದರೆ ಯುಪಿಎಸ್ ಒಳ್ಳೆಯದು, ಪೆಟ್ಟಿಗೆಯೊಳಗೆ ಎಸ್‌ಎಂಪಿಎಸ್ ಹೋಗಿದೆ ಅಂತೀರಾ ಮೇಷ್ಟ್ರೇ?

ಸರ್ಕ್ಯೂಟ್ ಮೇಷ್ಟ್ರು
ಎರಡರ ನಡುವೆ ನಡೆಯುವ ಕೆಲಸ ಅದು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಜನ ಸುಮ್ಮನೆ ಮದರ್‌ಬೋರ್ಡಿಗೆ ದುಡ್ಡು ಕಳೆದುಕೊಳ್ಳುತ್ತಾರೆ.

ನಾವು ಅಂಗಡಿಗಳಲ್ಲಿ ಇಡುವ ಸಣ್ಣ ಯುಪಿಎಸ್ ಯಾವಾಗಲೂ ಬ್ಯಾಟರಿಯಿಂದ ಕೊಡುವುದಿಲ್ಲ. ಗೋಡೆಯ ಕರೆಂಟನ್ನೇ ದಾಟಿಸುತ್ತಿರುತ್ತದೆ. ವೋಲ್ಟೇಜ್ ತೀರಾ ಬಿದ್ದಾಗ ಒಳಗಿನ ರಿಲೇ ಟಕ್ ಎಂದು ಬ್ಯಾಟರಿಗೆ ತಿರುಗುತ್ತದೆ. ಅದಕ್ಕೆ ಕೆಲವು ಮಿಲಿಸೆಕೆಂಡು, ಹತ್ತರ ಆಸುಪಾಸು, ಬೇಕು. ಆ ಸಂದಿಯಲ್ಲಿ ಕಂಪ್ಯೂಟರಿಗೆ ಕರೆಂಟೇ ಇಲ್ಲ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯ ಮೇಲೆ ಅದು ಆ ಹೊತ್ತು ದಾಟಬೇಕು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ನಿಯಮದ ಪ್ರಕಾರ ಹಳೆಯ ಲೆಕ್ಕದಲ್ಲಿ 16 ಮಿಲಿಸೆಕೆಂಡು ತಡೆಯಬೇಕು. ಒಳ್ಳೆಯ ಎಸ್‌ಎಂಪಿಎಸ್ ತಡೆಯುತ್ತದೆ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ್ದರಲ್ಲಿ ಕೆಪಾಸಿಟರ್ ಮೊದಲೇ ಚಿಕ್ಕದು, ವರ್ಷ ಕಳೆದಂತೆ ಒಣಗಿ ಇನ್ನೂ ಕುಗ್ಗುತ್ತದೆ.

ಈಗ ನಮ್ಮ ಊರುಗಳ ಕರೆಂಟು ಸೇರಿಸಿ ನೋಡಿ. ಕೆಪಾಸಿಟರ್‌ನಲ್ಲಿ ನಿಲ್ಲುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದ್ದು 180ಕ್ಕೆ ಬಂದರೆ ಸುಮಾರು ಶೇ 61 ಮಾತ್ರ ಉಳಿಯುತ್ತದೆ. ಅದರಲ್ಲೂ ಬಳಕೆಗೆ ಸಿಗುವ ಪಾಲು ಇನ್ನೂ ಕಡಿಮೆ. ಅಂದರೆ ಯುಪಿಎಸ್ ಬ್ಯಾಟರಿಗೆ ತಿರುಗುವ ಹೊತ್ತಿಗೇ, ಅಂದರೆ ವೋಲ್ಟೇಜ್ ಬಿದ್ದ ಹೊತ್ತಿಗೇ, ಎಸ್‌ಎಂಪಿಎಸ್‌ಗೆ ತಾಳುವ ಶಕ್ತಿ ಕನಿಷ್ಠ ಇರುತ್ತದೆ. ಮಾನಿಟರ್ ಎಳೆಯುವುದು 20–30 ವಾಟ್. ಅದು ಆರಾಮಾಗಿ ದಾಟುತ್ತದೆ, ಸಿಪಿಯು ಬೀಳುತ್ತದೆ. ನೋ ಸಿಗ್ನಲ್ ಬಂತು ಅಂದ ಮಾತ್ರಕ್ಕೆ ಕರೆಂಟಿನ ಕಡೆ ತಪ್ಪಿಲ್ಲ ಎಂದಾಗುವುದಿಲ್ಲ.

ಅಕ್ಷರಜೋಡಣೆಯವರೇ, ಮೂರು ಕೆಲಸ ಮಾಡಿ. ಪ್ರಿಂಟರ್ ಬೇರೆ ಸಾಕೆಟ್ಟಿಗೆ ಹಾಕಿ. ಅಂಗಡಿ ಮುಚ್ಚುವ ಹೊತ್ತಿಗೆ ಯುಪಿಎಸ್‌ನಿಂದ ಎಲ್ಲ ಕಿತ್ತು, ಹಳೆಯ ಕಾಲದ 100 ವಾಟ್ ಬಲ್ಬ್ ಒಂದನ್ನೇ ಹಾಕಿ, ಗೋಡೆಯ ಪ್ಲಗ್ ತೆಗೆಯಿರಿ. ಬಲ್ಬ್ ಎಷ್ಟು ಹೊತ್ತು ಉರಿಯಿತು ಬರೆಯಿರಿ. ಆಮೇಲೆ ಒಂದಷ್ಟು ದಿನ ಸಿಪಿಯುವನ್ನು ಯುಪಿಎಸ್ ಇಲ್ಲದೆ ನೇರ ಗೋಡೆಗೆ ಹಾಕಿ ಕೆಲಸ ಮಾಡಿ, ಫೈಲು ಆಗಾಗ ಸೇವ್ ಮಾಡುತ್ತಾ. ಆಫ್ ಆದ ಸಮಯ ಗೋಡೆಗೆ ಒಂದು ಚೀಟಿ ಅಂಟಿಸಿ ಬರೆದಿಡಿ.

ಕಡಲತೀರ
ಅರ್ಥಿಂಗ್ ಕೂಡ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದಾ?

ಅಕ್ಷರಜೋಡಣೆ, ಹಾವೇರಿ ಜಿಲ್ಲೆ
ಹೌದು, ಬರಿಗಾಲಲ್ಲಿ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ.

ಸರ್ಕ್ಯೂಟ್ ಮೇಷ್ಟ್ರು
ಆ ಜುಂ ಆಫ್ ಆಗಲು ಕಾರಣ ಅಲ್ಲ. ಆದರೆ ಮೂರನೇ ಪಿನ್ನಿಗೆ ಅರ್ಥ್ ಇಲ್ಲ ಅಂತ ಅದು ಹೇಳುತ್ತಿದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಅರ್ಥ್ ಇಲ್ಲದ ಕ್ಯಾಬಿನೆಟ್ಟಿನಲ್ಲಿ ಅರ್ಧ ವೋಲ್ಟೇಜಿನಷ್ಟು ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಹಾಗಾಗಿ ಬರೀ ಜುಂ. ನಾಳೆ ಒಳಗೆ ಏನಾದರೂ ನಿಜವಾಗಿ ಶಾರ್ಟ್ ಆದರೆ ನಿಮ್ಮನ್ನು ಕಾಯಲು ಏನೂ ಇಲ್ಲ. ಗಿರಾಕಿಗಳ ಮಕ್ಕಳು ಅಲ್ಲೇ ನಿಂತಿರುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ, ಇದನ್ನು ಮುಂದೂಡಬೇಡಿ.

ಗಣಕ ಗೆಳೆಯ
ಎಸ್‌ಎಂಪಿಎಸ್ ಬಿಚ್ಚಿ ಆ ಕೆಪಾಸಿಟರ್ ಉಬ್ಬಿದೆಯಾ ನೋಡಬಹುದಾ?

ರಿಪೇರಿ ಅಣ್ಣ
ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟ್ ಮೇಲ್ಪಟ್ಟು ನಿಂತಿರಬಹುದು. ಈ ಕೆಲಸವನ್ನೇ ಮಾಡುವ ನಾವೂ ಡಿಸ್ಚಾರ್ಜ್ ಮಾಡದೆ ಕೈ ಹಾಕುವುದಿಲ್ಲ. ಹೊರಗಿನಿಂದ ಮೀಟರ್ ಹಿಡಿಯಬಹುದು. ಹಾರ್ಡ್‌ಡಿಸ್ಕಿಗೆ ಹೋಗುವ ವೈರಿನಲ್ಲಿ ಹಳದಿ, ಕಪ್ಪು ನಡುವೆ 11.4ರಿಂದ 12.6 ಒಳಗೆ ಇರಬೇಕು, ಕೆಂಪು, ಕಪ್ಪು ನಡುವೆ 4.75ರಿಂದ 5.25. ಮಷಿನ್ ಓಡುವಾಗ ನೋಡಿ. ಹಸಿರು ವೈರನ್ನು ಕಪ್ಪಿಗೆ ಕೂಡಿಸಿ ಫ್ಯಾನ್ ತಿರುಗಿತು, ಎಸ್‌ಎಂಪಿಎಸ್ ಓಕೆ ಅನ್ನುವವರ ಮಾತು ನಂಬಬೇಡಿ. ಲೋಡ್ ಇಲ್ಲದೆ ಎಲ್ಲವೂ ತಿರುಗುತ್ತದೆ.

ಟಕ್ಸ್ ಪ್ರೇಮಿ
ಮೀಟರಿನಲ್ಲಿ 12.1 ಬಂದರೂ ನಿಶ್ಚಿಂತೆ ಆಗಬೇಡಿ. ಮಿಲಿಸೆಕೆಂಡಿನ ಬೀಳುವಿಕೆ ಮೀಟರಿಗೆ ಕಾಣುವುದಿಲ್ಲ. ಇನ್ನೊಂದು ಎಸ್‌ಎಂಪಿಎಸ್ ಯಾರ ಹತ್ತಿರವಾದರೂ ಕೈಸಾಲ ತಂದು ಹಾಕಿ ನೋಡುವುದೇ ಒಳ್ಳೆಯ ಪರೀಕ್ಷೆ.

ಅಕ್ಷರಜೋಡಣೆ, ಹಾವೇರಿ ಜಿಲ್ಲೆ
ನೋಡಿದ್ದು ಬರೆಯುತ್ತೇನೆ. ಬಲ್ಬ್ ಪರೀಕ್ಷೆಯಲ್ಲಿ ಪ್ಲಗ್ ಕಿತ್ತ ಕೂಡಲೇ ಬಲ್ಬ್ ಒಮ್ಮೆ ಮಿಂಚಿ ಆರಿತು. ಯುಪಿಎಸ್ ಉದ್ದಕ್ಕೆ ಕಿರುಚಿತು. ಪ್ರಿಂಟರ್ ಬೇರೆ ಮಾಡಿ, ಸಿಪಿಯು ನೇರ ಗೋಡೆಗೆ ಹಾಕಿದ ಮೇಲೆ ಆಫ್ ಆಗುವುದು ತುಂಬಾ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಚೀಟಿಯಲ್ಲಿ ಬರೆದ ಸಮಯ ನೋಡಿದರೆ ಉಳಿದವೆಲ್ಲ ಪಂಪ್‌ಸೆಟ್‌ಗೆ ತ್ರೀ ಫೇಸ್ ಬಿಡುವ ಹೊತ್ತಿನವು. ಆಗ ಅಂಗಡಿಯ ಬಲ್ಬೂ ಒಂದು ಸಲ ಮಂಕಾಗುತ್ತದೆ. ಎಸ್‌ಎಂಪಿಎಸ್ ಫ್ಯಾನ್ ತಿರುಗುತ್ತಿದೆ, ಗಾಳಿ ಬರುತ್ತಿದೆ. ಗೆಳೆಯರ ಸೈಬರ್ ಅಂಗಡಿಯಿಂದ ಒಳ್ಳೆಯ ಎಸ್‌ಎಂಪಿಎಸ್ ತಂದು ಹಾಕಿದ್ದೇನೆ. ಅದೇ ಹೊತ್ತಿಗೆ ಬಲ್ಬ್ ಮಂಕಾಯಿತು, ಕಂಪ್ಯೂಟರ್ ಓಡುತ್ತಲೇ ಇತ್ತು. ಎಸ್‌ಎಂಪಿಎಸ್, ಯುಪಿಎಸ್‌ಗೆ ಹೊಸ ಬ್ಯಾಟರಿ ಎರಡೂ ಒಟ್ಟಿಗೆ ಕೊಳ್ಳಲು ಈಗ ಆಗುವುದಿಲ್ಲ. ಮೊದಲು ಯಾವುದು?

ರಿಪೇರಿ ಅಣ್ಣ
ಯುಪಿಎಸ್ ಬ್ಯಾಟರಿ. 12 ವೋಲ್ಟ್ 7 ಎಎಚ್. ಕರೆಂಟ್ ಪೂರ್ತಿ ಹೋದಾಗ ಕೆಲಸ ಉಳಿಸುವುದು ಅದೊಂದೇ.

ಟಕ್ಸ್ ಪ್ರೇಮಿ
ನಾನು ಎಸ್‌ಎಂಪಿಎಸ್ ಅನ್ನುತ್ತೇನೆ. ಅದು ದುರ್ಬಲ ಇದ್ದರೆ ಹೊಸ ಬ್ಯಾಟರಿ ಹಾಕಿದರೂ ರಿಲೇ ತಿರುಗುವಾಗ ಸಿಪಿಯು ಬೀಳುತ್ತದೆ. ಆಗ ಬ್ಯಾಟರಿ ಇದ್ದೂ ಪ್ರಯೋಜನ ಇಲ್ಲ. 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎನ್ನುವ ಗುರುತು) ಇರುವ, ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇರುವ 450 ವಾಟ್ ಸಾಕು. ಅಂಥವು ಬಹಳಷ್ಟು 100ರಿಂದ 240 ವೋಲ್ಟ್‌ವರೆಗೆ ಓಡುತ್ತವೆ, ಪಂಪ್‌ಸೆಟ್ ಹೊತ್ತಿನ ಡ್ರಾಪ್ ಅವಕ್ಕೆ ಲೆಕ್ಕಕ್ಕಿಲ್ಲ. ಕೊಳ್ಳುವಾಗ ಲೇಬಲ್ ಓದಿ, ಕೆಲವು 200ರಿಂದ ಮಾತ್ರ ಶುರುವಾಗುತ್ತವೆ.

ರಿಪೇರಿ ಅಣ್ಣ
ಆಕ್ಟಿವ್ ಪಿಎಫ್‌ಸಿ ಇರುವುದಕ್ಕೆ ಅಗ್ಗದ ಯುಪಿಎಸ್‌ನ ಚೌಕ ಅಲೆ (ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯದ್ದು) ಹಿಡಿಸದೆ ಬ್ಯಾಟರಿಗೆ ತಿರುಗಿದಾಗ ಆಫ್ ಆದದ್ದನ್ನು ನಾನೇ ನೋಡಿದ್ದೇನೆ. ಆಗ ಇವರಿಗೆ ಮತ್ತೆ ತಲೆನೋವು.

ಸರ್ಕ್ಯೂಟ್ ಮೇಷ್ಟ್ರು
ಹಾಗೆ ಆಗುವುದುಂಟು, ಎಲ್ಲದರಲ್ಲೂ ಆಗುವುದಿಲ್ಲ. ಕೈಸಾಲ ತಂದ ಎಸ್‌ಎಂಪಿಎಸ್ ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ. ಗೆಳೆಯರ ಅಂಗಡಿಯ ಒಳ್ಳೆಯ ಬ್ಯಾಟರಿಯ ಯುಪಿಎಸ್‌ಗೆ ನಿಮ್ಮ ಸಿಪಿಯು ಹಾಕಿ, ಮೂರ್ನಾಲ್ಕು ಸಲ ಆ ಯುಪಿಎಸ್‌ನ ಗೋಡೆಯ ಪ್ಲಗ್ ಕಿತ್ತು ನೋಡಿ. ಆಫ್ ಆಗದೆ ಓಡುತ್ತಲೇ ಇದ್ದರೆ ಅದೇ ಮಾದರಿ ಎಸ್‌ಎಂಪಿಎಸ್ ಮೊದಲು ಕೊಳ್ಳಿ, ಬ್ಯಾಟರಿ ಮುಂದಿನ ತಿಂಗಳು. ಬೇರೆ ಮಾದರಿ ಕೊಂಡರೆ ದುಡ್ಡು ಕೊಡುವ ಮೊದಲು ಅದನ್ನೂ ಹೀಗೇ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ನಿಮ್ಮ ಯುಪಿಎಸ್ ಬಳಸಬೇಡಿ, ಅದು ಇದ್ದಾಗಲೇ ನಿಮಗೆ ಜಾಸ್ತಿ ಆಫ್ ಆಗುತ್ತಿತ್ತು.

ಅಕ್ಷರಜೋಡಣೆ, ಹಾವೇರಿ ಜಿಲ್ಲೆ
ಭಾನುವಾರ ಅವರ ಅಂಗಡಿಗೆ ಸಿಪಿಯು ಒಯ್ದು ನೋಡುತ್ತೇನೆ ಸರ್. ಅರ್ಥಿಂಗ್‌ಗೆ ಎಲೆಕ್ಟ್ರಿಷಿಯನ್‌ಗೆ ಹೇಳಿಯಾಗಿದೆ, ಗುಂಡಿ ತೋಡಲು ಮಾಲೀಕರೂ ಒಪ್ಪಿದ್ದಾರೆ. ಹಳೆಯ ಬ್ಯಾಟರಿ ಏನು ಮಾಡಲಿ?

ರಿಪೇರಿ ಅಣ್ಣ
ಕಸಕ್ಕೆ ಹಾಕಬೇಡಿ, ಒಳಗೆ ಸೀಸ ಮತ್ತು ಆಸಿಡ್ ಇದೆ. ಹೊಸದು ಕೊಳ್ಳುವ ಅಂಗಡಿಗೇ ಕೊಡಿ. ವಾಪಸ್ ತೆಗೆದುಕೊಂಡು ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ.