ಅಪ್‌ಡೇಟ್: ಅರೆ-ಎಲ್ಫ್ ಬಾರ್ಬೇರಿಯನ್ ಕಣಕ್ಕಿಳಿದಳು

ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳಲ್ಲಿ ಅರೆ-ಎಲ್ಫ್‌ಗೆ (ಅರ್ಧ ಮನುಷ್ಯ, ಅರ್ಧ ಎಲ್ಫ್ ಎಂಬ ಮಾಯಾಕುಲ) ಸಿಗುವ ವರ್ಚಸ್ಸಿನ +2 ಅಂಕ, ತೋಳ್ಬಲದಿಂದ ಕಾದಾಡುವ ಯೋಧ ಬಾರ್ಬೇರಿಯನ್‌ಗೆ ದಂಡವಲ್ಲವೇ ಎಂದು ಕೇಳಿದ್ದೆ. ದಂಡವೆಂದೇ ಹೆಚ್ಚಿನವರು ಹೇಳಿದಿರಿ. ಆದರೂ ಹಟ ಬಿಡಲಿಲ್ಲ. ಉಳಿದೆರಡು +1ಗಳನ್ನು ಶಕ್ತಿಗೂ ದೇಹದಾರ್ಢ್ಯಕ್ಕೂ ಹಾಕಿದೆ: ಶಕ್ತಿ 16, ಚುರುಕು, ದಾರ್ಢ್ಯ, ವರ್ಚಸ್ಸು ತಲಾ 14. ಬುದ್ಧಿ 8, ಅದು ಆಡುವವನಿಗೂ ಒಪ್ಪುತ್ತದೆ.

ಮೊದಲ ಕಾಳಗದಲ್ಲೇ ಮಾಂತ್ರಿಕನೊಬ್ಬ ನಿದ್ರೆಯ ಮಂತ್ರ ಎಸೆದ. ಸಂಗಡಿಗರಿಬ್ಬರು ಧೊಪ್ಪೆಂದು ಉರುಳಿದರು. ಎಲ್ಫ್ ರಕ್ತಕ್ಕೆ ಮಾಯಾನಿದ್ರೆ ತಟ್ಟುವುದಿಲ್ಲ. ನನ್ನವಳು ಕೊಡಲಿ ಹಿಡಿದು ನಿಂತೇ ಇದ್ದಳು. ಆ ಉಮೇದಿನಲ್ಲಿ ಒಂದು ಸರದಿಯನ್ನು ಶತ್ರುವನ್ನು ಬೆದರಿಸುವುದಕ್ಕೇ ಕಳೆದೆ. ಹೊಡೆಯಲೂ ಇಲ್ಲ, ಏಟು ತಿನ್ನಲೂ ಇಲ್ಲ. ಹೀಗಾಗಿ ಅವಳ ರೋಷಾವೇಶ (ಬಾರ್ಬೇರಿಯನ್ ಕಾಳಗದಲ್ಲಿ ಮೈಮೇಲೆ ತಂದುಕೊಳ್ಳುವ ಉಗ್ರ ಆವೇಶ) ಅಲ್ಲಿಗೇ ಇಳಿದುಹೋಯಿತು. ಮೊದಲ ಹಂತದಲ್ಲಿ ಇರುವುದೇ ಎರಡು ಆವೇಶ, ಒಂದು ಮಾತಿನಲ್ಲೇ ಖರ್ಚು! ಶತ್ರುವೇನೋ ಹೆದರಿ ಓಡಿದ.