ಉತ್ತರ: ಅಂಗನವಾಡಿ ಭಿತ್ತಿಪತ್ರಕ್ಕೆ ‘ಡಿಸ್‌ರಪ್ಟಿವ್ ಬಿಹೇವಿಯರ್’, ಯಾವ ಪದ?

ಮಾನ್ಯರೆ,

ಅಂಗನವಾಡಿ ಕಾರ್ಯಕರ್ತೆಯರ ಭಿತ್ತಿಪತ್ರದಲ್ಲಿ ಪುಟ್ಟ ಮಕ್ಕಳ ‘ಡಿಸ್‌ರಪ್ಟಿವ್ ಬಿಹೇವಿಯರ್’ಗೂ ‘ಡಿಸ್‌ಅಡ್ವಾಂಟೇಜ್ಡ್’ ಮಕ್ಕಳು ಎಂಬುದಕ್ಕೂ ಕನ್ನಡದಲ್ಲಿ ಏನೆನ್ನಬೇಕು ಎಂಬುದು ಪ್ರಶ್ನೆ. ಭಿತ್ತಿಪತ್ರ ನಾಳೆಯೇ ಅಚ್ಚಿಗೆ ಹೋಗಬೇಕೆಂದು ಕೇಳಿದವರು ಬರೆದಿರುವುದರಿಂದ ಉತ್ತರವನ್ನು ಮೊದಲೇ ಹೇಳುತ್ತೇನೆ: ‘ಕಲಿಕೆಗೆ ಅಡ್ಡಿಯಾಗುವ ವರ್ತನೆ’ ಎಂದು ಹಾಕಿ.

‘ವಿಧ್ವಂಸಕ ವರ್ತನೆ’ ಬೇಡವೇ ಬೇಡ. ಪತ್ರಿಕೆಗಳಲ್ಲಿ ‘ವಿಧ್ವಂಸಕ ಕೃತ್ಯ’ವೆಂದರೆ ಬಾಂಬು ಸ್ಫೋಟ, ಜೊತೆಯ ಮಗುವನ್ನು ಕಚ್ಚಿ ತಟ್ಟೆ ಎಸೆದ ಮೂರು ವರ್ಷದ ಕೂಸಿಗೆ ಆ ಮಾತನ್ನು ಅಂಟಿಸುವುದು ಅನ್ಯಾಯ. ‘ಪುಂಡಾಟ’ವೂ ಅಷ್ಟೇ. ಅದರ ಬೆನ್ನಿಗೇ ‘ಪುಂಡ’ನೂ ಬರುತ್ತಾನೆ, ಮತ್ತು ಕೂಲಿಗೆಂದು ಊರೂರು ಅಲೆಯುವ ತಾಯಿಯ ಮಗುವನ್ನು ಆ ಹೆಸರು ಒಂದನೆಯ ತರಗತಿಯವರೆಗೂ ಹಿಂಬಾಲಿಸುತ್ತದೆ. ‘ಅತಿಚಟುವಟಿಕೆ’ (ಹೈಪರ್‌ಆಕ್ಟಿವಿಟಿ) ಬೇರೆಯೇ ವಿಷಯ: ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಅದನ್ನೂ ಅಡ್ಡಿಯಾಗುವ ವರ್ತನೆಯನ್ನೂ ಒಂದೇ ಗುಂಪಿಗೆ ಸೇರಿಸಿತ್ತಾದರೂ 2013ರ ಐದನೆಯ ಆವೃತ್ತಿಯಲ್ಲಿ ಅವು ಬೇರ್ಪಟ್ಟಿವೆ.

ನನ್ನ ‘ಅಡ್ಡಿಯಾಗುವ’ವನ್ನು ‘ಅಡ್ಡಿಪಡಿಸುವ’ ಎಂದು ತಿದ್ದಬೇಡಿ. ‘ಪಡಿಸು’ ಸೇರಿದೊಡನೆ ಉದ್ದೇಶವುಳ್ಳ ಕರ್ತೃವೊಬ್ಬ ಹುಟ್ಟುತ್ತಾನೆ. ಹಸಿವಿಗೋ, ನಿದ್ದೆಗೇಡಿಗೋ, ರಾತ್ರಿ ಮನೆಯಲ್ಲಿ ಕಂಡ ಹೊಡೆದಾಟದ ಭಯಕ್ಕೋ ರಚ್ಚೆ ಹಿಡಿದ ಮಗುವಿಗೆ ಯಾರಿಗಾದರೂ ಅಡ್ಡಿಪಡಿಸುವ ಸಂಕಲ್ಪ ಎಲ್ಲಿಂದ ಬರಬೇಕು? ‘ಆಗು’ ಪರಿಣಾಮವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಕಾರ್ಯಕರ್ತೆಗೆ ತಿಳಿಯಬೇಕಾದದ್ದೂ ಅಷ್ಟೇ. ಗೆಳೆಯರು ಸೂಚಿಸಿದ ‘ಅಡ್ಡಿವರ್ತನೆ’ ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ, ದೋಷವೆನಿಸುವ ಸಮಾಸ), ಕಿವಿಗೂ ಕಟು. ‘ಅಡ್ಡಿಯಾಗುವ ವರ್ತನೆ’ಯನ್ನು ಗಮಕ ಸಮಾಸವೆಂದು (‘ಆಗುವ’ದಂಥ, ಕ್ರಿಯೆಯಿಂದಾದ ವಿಶೇಷಣ ಮೊದಲಿಗೆ ಬರುವ ಸಮಾಸ) ಎಣಿಸಿದರೂ ಗಮಕಕ್ಕೆ ಆ ದೋಷ ತಟ್ಟದು.

ಉಳಿದದ್ದು ‘ಡಿಸ್‌ಅಡ್ವಾಂಟೇಜ್ಡ್’. ‘ಹಿಂದುಳಿದ’ ಎನ್ನಬೇಡಿ, ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ 1975ರ ವರದಿಯಿಂದೀಚೆಗೆ ಕರ್ನಾಟಕದಲ್ಲಿ ಅದು ಮೀಸಲಾತಿಯ ಪರಿಭಾಷೆಯಾಗಿ ನಿಂತಿದೆ. ‘ಅವಕಾಶವಂಚಿತ’ ನನಗೆ ಒಪ್ಪಿಗೆ, ಏಕೆಂದರೆ ‘ವಂಚಿತ’ ಕರ್ಮಣಿ ಕೃದಂತ, ಅಂದರೆ ‘ವಂಚನೆಗೆ ಒಳಗಾದ’ ಎಂಬರ್ಥದ ರೂಪ: ಕೊರತೆ ಮಗುವಿನದಲ್ಲ, ಯಾರೋ ಕಸಿದದ್ದು ಎಂಬುದನ್ನು ಪ್ರತ್ಯಯವೇ ಹೇಳುತ್ತದೆ.

‘ವರ್ತನೆ’ ಸಂಸ್ಕೃತ, ಆದ್ದರಿಂದ ‘ನಡತೆ’ ಎನ್ನಿ ಎಂಬ ಹಟವನ್ನು ನಾನು ಒಪ್ಪಲಾರೆ. ‘ನಡತೆಗೆಟ್ಟ’ ಎಂಬ ಬಳಕೆಯನ್ನು ನೆನೆದರೆ ಸಾಕು, ಆ ಅಚ್ಚಗನ್ನಡ ಪದ ಶೀಲವನ್ನೇ ತೂಗುತ್ತದೆ. ‘ಅಂಗನವಾಡಿ’ಯಾದರೂ ಎಲ್ಲಿಯದು? 1975ರ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆಯ ಜೊತೆಗೆ ತಿ. ನರಸೀಪುರಕ್ಕೆ ಬಂದಿಳಿದ ಉತ್ತರದ ಪದ ಅದು; ಇಂದು ಯಾವ ಹಳ್ಳಿಯ ಅಜ್ಜಿಯೂ ಅದನ್ನು ಪರಕೀಯವೆಂದು ತಿಳಿದಿಲ್ಲ.

ಶೀರ್ಷಿಕೆಯ ಕೆಳಗೆ ಮಾತ್ರ ‘ಕಚ್ಚುವುದು, ತಳ್ಳುವುದು, ರಚ್ಚೆ ಹಿಡಿಯುವುದು, ಹೇಳಿದ್ದಕ್ಕೆಲ್ಲ ಎದುರು ನಿಲ್ಲುವುದು’ ಎಂದು ಆಡುಮಾತಿನಲ್ಲೇ, ದಪ್ಪ ಅಕ್ಷರದಲ್ಲಿ ಬರೆಯಿಸಿ.